ರೂಲ್ 39: ವಿಮಾನ ಏರಿಸುವ ಮೊದಲು ಸ್ಟ್ರಾಸ್‌ಬರ್ಗ್ ತಲುಪಬೇಕಾದ ಕಾಗದ

ಯುರೋಪಿನಲ್ಲಿ ಆಶ್ರಯ ಕೇಳಿ ಸೋತವರೊಬ್ಬರಿಗೆ ಸೋಮವಾರ ಬೆಳಿಗ್ಗೆ ಏಳಕ್ಕೆ ಗಡೀಪಾರಿನ ವಿಮಾನ, ನೋಟಿಸ್ ಕೈಗೆ ಬಂದದ್ದು ಶುಕ್ರವಾರ ಮಧ್ಯಾಹ್ನ ಎಂದಿಟ್ಟುಕೊಳ್ಳಿ. ದೇಶದೊಳಗಿನ ಕೋರ್ಟುಗಳೆಲ್ಲ ಮುಗಿದಿವೆ. ಉಳಿದಿರುವುದು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ಮತ್ತು ಅದರ ನಿಯಮಾವಳಿಯ 39ನೇ ನಿಯಮ. ನಮ್ಮ ಕಡೆಯ ಹೈಕೋರ್ಟ್ ಕೊಡುವ ಮಧ್ಯಂತರ ತಡೆಯಾಜ್ಞೆಗೆ ಇದು ಹತ್ತಿರ. ಸಿಕ್ಕರೆ ಪ್ರಕರಣ ಇತ್ಯರ್ಥವಾಗುವ ತನಕವೋ ಒಂದು ಗಡುವಿನ ತನಕವೋ ವ್ಯಕ್ತಿಯನ್ನು ಹೊರಗೆ ಕಳಿಸುವಂತಿಲ್ಲ. 2005ರ ಮಮತ್‌ಕುಲೋವ್ ಮತ್ತು ಅಸ್ಕರೋವ್ ವಿರುದ್ಧ ಟರ್ಕಿ ತೀರ್ಪಿನ ನಂತರ, ಈ ತಡೆಯನ್ನು ಮೀರುವುದೇ ಯುರೋಪಿಯನ್ ಮಾನವ ಹಕ್ಕುಗಳ ಒಡಂಬಡಿಕೆಯಲ್ಲಿ ಅರ್ಜಿ ಹಾಕುವ ಹಕ್ಕು ಕೊಡುವ 34ನೇ ವಿಧಿಯ ಉಲ್ಲಂಘನೆ. 2022ರ ಜೂನ್ 14ರಂದು ಬ್ರಿಟನ್ನಿನಿಂದ ರುವಾಂಡಾಗೆ ಹೊರಡಬೇಕಿದ್ದ ವಿಮಾನ ಕೊನೆ ಗಳಿಗೆಯಲ್ಲಿ ನಿಂತದ್ದರ ಹಿಂದೆಯೂ ಈ ನಿಯಮವೇ ಇತ್ತು.

ಸಂಜೆ ನಾಲ್ಕರ ನಂತರ ಬಂದ ಅರ್ಜಿಯನ್ನು ನ್ಯಾಯಾಲಯದ ಕಚೇರಿಯಾದ ರಿಜಿಸ್ಟ್ರಿ ಸಾಮಾನ್ಯವಾಗಿ ಅವತ್ತು ನೋಡುವುದಿಲ್ಲ. ಅದು ಫ್ರಾನ್ಸ್ ಸಮಯ, ಲಂಡನ್ನಿನಲ್ಲಿ ಕೂತವರಿಗೆ ಮೂರು ಗಂಟೆ. ವಿಮಾನಕ್ಕೆ ಕನಿಷ್ಠ ಒಂದು ಕೆಲಸದ ದಿನ ಮೊದಲು ಅರ್ಜಿ ತಲುಪಿರಬೇಕು ಎಂಬುದು ಅವರ ನಿರೀಕ್ಷೆ. ಶನಿವಾರ ಭಾನುವಾರ ಲೆಕ್ಕಕ್ಕಿಲ್ಲ. ಹಾಗಾಗಿ ಮೇಲಿನ ಉದಾಹರಣೆಯಲ್ಲಿ ಶುಕ್ರವಾರ ಮಧ್ಯಾಹ್ನ ಕಡತ ಬಿಚ್ಚುವವರು ಅರ್ಧ ಸೋತಂತೆ. ಕೊನೆಯ ಮೇಲ್ಮನವಿಯ ತೀರ್ಪಿಗೆ ಕಾಯಬೇಕು ಎಂಬ ತಪ್ಪು ತಿಳಿವಳಿಕೆಯೇ ಇದಕ್ಕೆ ಕಾರಣ. ತೀರ್ಪು ಇಂಥ ದಿನ ಬರಲಿದೆ, ವಿರುದ್ಧವಾಗಿ ಬಂದರೆ ಮಾತ್ರ ಈ ಅರ್ಜಿ ಪರಿಗಣಿಸಿ ಎಂದು ಬರೆದು ಮುಂಚಿತವಾಗಿಯೇ ಕಳಿಸಲು ನ್ಯಾಯಾಲಯದ ಸೂಚನೆಯಲ್ಲೇ ಅವಕಾಶವಿದೆ. ಕಳಿಸುವುದು ಫ್ಯಾಕ್ಸ್‌ನಲ್ಲಿ, ಅಂಚೆಯಲ್ಲಿ ಅಥವಾ ರೂಲ್ 39ಕ್ಕೆಂದೇ ಇರುವ ಆನ್‌ಲೈನ್ ಸೈಟಿನಲ್ಲಿ. ಇಮೇಲ್ ನಡೆಯುವುದಿಲ್ಲ.

ಮೊದಲ ಪುಟದ ನೆತ್ತಿಯಲ್ಲಿ ದಪ್ಪಕ್ಷರದಲ್ಲಿ ‘ರೂಲ್ 39 – ತುರ್ತು’ ಎಂದಿರಲಿ. ಅದರ ಕೆಳಗೆ ಸಂಪರ್ಕಿಸಬೇಕಾದವರ ಹೆಸರು, ರಾತ್ರಿಯೂ ಎತ್ತುವ ಫೋನ್ ನಂಬರು, ಹೊರಹಾಕುವ ದಿನಾಂಕ, ಗಂಟೆ, ಯಾವ ದೇಶಕ್ಕೆ, ವ್ಯಕ್ತಿ ಈಗ ಎಲ್ಲಿದ್ದಾರೆ, ಸರ್ಕಾರಿ ಕಡತದ ಸಂಖ್ಯೆ. ಈ ಆರೇಳು ಸಾಲು ಬಿಟ್ಟುಹೋದರೆ ಅತ್ತಲಿಂದ ಫೋನ್ ಮಾಡಿ ಕೇಳುತ್ತಾರೆಂಬ ಭರವಸೆ ಬೇಡ. ಅಪೂರ್ಣ ಅರ್ಜಿಯನ್ನು ಹಾಗೇ ಬದಿಗಿಡಬಹುದು. ದಿನಾಂಕ ಬದಲಾದರೂ ವ್ಯಕ್ತಿಯನ್ನು ಬೇರೆ ಬಂಧನ ಕೇಂದ್ರಕ್ಕೆ ಸಾಗಿಸಿದರೂ ಅಂದೇ ತಿಳಿಸಬೇಕು.

ಒಳಪುಟಗಳಲ್ಲಿ ಹೆಚ್ಚು ಕಾಣುವ ತಪ್ಪು: ‘ವಿವರಕ್ಕೆ ಲಗತ್ತಿಸಿದ ಮೇಲ್ಮನವಿ ನೋಡಿ’. ಇದೊಂದು ಸಾಲಿಗೆ ಅರ್ಜಿ ಬಿದ್ದುಹೋಗುತ್ತದೆ. ಓದುವವರಿಗೆ ಕೆಲವೇ ಗಂಟೆಗಳಿವೆ; ಇನ್ನೂರು ಪುಟ ಹುಡುಕಿ ಭಯದ ಕಾರಣ ಕಂಡುಹಿಡಿಯುವುದು ಅವರ ಕೆಲಸವಲ್ಲ. ಯಾರಿಂದ ಭಯ, ಏನಾಗಬಹುದು, ಹಿಂದೆ ಏನಾಗಿದೆ, ಅದಕ್ಕೆ ಪುರಾವೆ ಯಾವ ಪುಟದಲ್ಲಿದೆ ಎಂಬುದು ಅರ್ಜಿಯಲ್ಲೇ ಇರಬೇಕು. ದೇಶದೊಳಗಿನ ಪ್ರತಿಯೊಂದು ತೀರ್ಪಿನ ಪ್ರತಿಯೂ ಜೊತೆಗಿರಬೇಕು, ಸೋತವೂ ಸೇರಿ. ಸೋತ ತೀರ್ಪನ್ನು ಅಡಗಿಸುವುದರಲ್ಲಿ ಲಾಭವಿಲ್ಲ. ‘ಹೇಳಿಕೆಯಲ್ಲಿ ವೈರುಧ್ಯವಿದೆ’ ಎಂದು ಅಧಿಕಾರಿ ಬರೆದಿದ್ದರೆ, ಆ ವೈರುಧ್ಯಕ್ಕೆ ಉತ್ತರವೇ ನಿಮ್ಮ ಅರ್ಜಿಯ ಬೆನ್ನೆಲುಬು.

ಒಡಂಬಡಿಕೆಯಲ್ಲಿ ಆಶ್ರಯದ ಹಕ್ಕು ಎಂಬುದೇ ಇಲ್ಲ ಎನ್ನುವುದು ಹೊಸಬರಿಗೆ ಆಶ್ಚರ್ಯ. ಎಲ್ಲ ಭಾರ ಬೀಳುವುದು ಚಿತ್ರಹಿಂಸೆಯನ್ನು ನಿಷೇಧಿಸುವ 3ನೇ ವಿಧಿಯ ಮೇಲೆ. 1989ರ ಸೋರಿಂಗ್ ತೀರ್ಪಿನಿಂದ ಅದು ಬೇರೆ ದೇಶಕ್ಕೆ ಕಳಿಸುವುದಕ್ಕೂ ಅನ್ವಯಿಸಿತು. ಕುಟುಂಬ ಜೀವನದ 8ನೇ ವಿಧಿ ಮುಖ್ಯ ಪ್ರಕರಣದಲ್ಲಿ ಗೆಲ್ಲಿಸಬಹುದು, ಆದರೆ ಅದರ ಮೇಲೆ ತಡೆ ಸಿಗುವುದು ಅಪರೂಪ. 2024ರ ಮಾರ್ಚ್‌ನಲ್ಲಿ ತಿದ್ದಿದ ನಿಯಮದ ಪ್ರಕಾರ ಬೇಕಿರುವುದು ಸದ್ಯದಲ್ಲೇ ಒದಗಲಿರುವ, ಸರಿಪಡಿಸಲಾಗದ ಹಾನಿ. ‘ಆ ದೇಶದಲ್ಲಿ ಯುದ್ಧವಿದೆ’ ಎಂಬುದಷ್ಟೇ ಬಹುತೇಕ ಸಾಲದು. ದೇಶದ ವರದಿಯ 80 ಪುಟ ಲಗತ್ತಿಸುವ ಬದಲು ಈ ವ್ಯಕ್ತಿಯ ಊರು, ಪಂಗಡ, ಕೆಲಸಕ್ಕೆ ತಾಗುವ ಎರಡು ಪ್ಯಾರಾ ಗುರುತು ಹಾಕಿ ಕೊಡಿ. ಹಿಂದೆ ಹಿಂಸೆಗೆ ಒಳಗಾಗಿದ್ದಕ್ಕೆ ಪುರಾವೆ ಇದ್ದರೆ ಅದು ಮುಂದಿನ ಅಪಾಯಕ್ಕೆ ಬಲವಾದ ಸೂಚನೆ ಎಂದು 2016ರ ಜೆ.ಕೆ. ವಿರುದ್ಧ ಸ್ವೀಡನ್ ತೀರ್ಪು ಹೇಳಿದೆ. ಗಾಯದ ಕಲೆಗಳಿಗೆ ಬೆಲೆ ಬರುವುದು ಇಲ್ಲೇ.

ವೈದ್ಯರ ಪತ್ರದ ವಿಷಯಕ್ಕೆ ಬಂದರೆ, ‘ಬೆನ್ನ ಮೇಲೆ ಕಲೆಗಳಿವೆ, ರೋಗಿ ಹೊಡೆತದ್ದು ಎನ್ನುತ್ತಾರೆ’ ಎಂಬ ಪತ್ರ ಹೆಚ್ಚು ದೂರ ಹೋಗದು. ಚಿತ್ರಹಿಂಸೆಯ ಗುರುತುಗಳನ್ನು ದಾಖಲಿಸುವ ಅಂತರರಾಷ್ಟ್ರೀಯ ಕೈಪಿಡಿಯಾದ ಇಸ್ತಾಂಬುಲ್ ಶಿಷ್ಟಾಚಾರದಲ್ಲಿ (ಪ್ರೊಟೊಕಾಲ್), ಕಲೆ ಹೇಳಿಕೆಗೆ ಎಷ್ಟು ಹೊಂದುತ್ತದೆ ಎನ್ನಲು ಐದು ಮೆಟ್ಟಿಲಿವೆ: ಹೊಂದುವುದಿಲ್ಲ, ಹೊಂದುತ್ತದೆ, ಬಹಳವಾಗಿ ಹೊಂದುತ್ತದೆ, ಇಂಥ ಹಿಂಸೆಗೆ ವಿಶಿಷ್ಟ, ಬೇರೆ ಕಾರಣ ಸಾಧ್ಯವೇ ಇಲ್ಲ. ಪ್ರತಿ ಕಲೆಯ ಅಳತೆ, ಜಾಗ, ಫೋಟೋ ಹಾಕಿ, ಪಕ್ಕದಲ್ಲಿ ಈ ಐದರಲ್ಲಿ ಒಂದನ್ನು ಬರೆಯುವಂತೆ ವೈದ್ಯರನ್ನು ಮೊದಲೇ ಕೇಳಿ. ಅಷ್ಟು ಸಮಯ ಇಲ್ಲದಿದ್ದರೆ ಸಾಮಾನ್ಯ ವೈದ್ಯರ ಪತ್ರವಾದರೂ ಇರಲಿ. 2010ರ ಆರ್.ಸಿ. ವಿರುದ್ಧ ಸ್ವೀಡನ್ ಪ್ರಕರಣದಲ್ಲಿ ಇರಾನಿನ ಅರ್ಜಿದಾರ ಕೊಟ್ಟದ್ದು ಅಂಥ ಪತ್ರವನ್ನೇ. ಅದನ್ನು ನೋಡಿದ ಮೇಲೆ ತಜ್ಞರ ವರದಿ ತರಿಸುವುದು ಸರ್ಕಾರದ ಹೊಣೆಯಾಗಿತ್ತು ಎಂದಿತು ನ್ಯಾಯಾಲಯ. ಕಾಯಿಲೆಯ ಪ್ರಕರಣವಾದರೆ ಪ್ರಶ್ನೆಯೇ ಬೇರೆ. 2016ರ ಪಪೋಶ್ವಿಲಿ ವಿರುದ್ಧ ಬೆಲ್ಜಿಯಂ ತೀರ್ಪಿನ ಪ್ರಕಾರ ಔಷಧಿ ಆ ದೇಶದಲ್ಲಿ ಇದೆಯೇ ಎಂದಷ್ಟೇ ಅಲ್ಲ, ಈ ರೋಗಿಗೆ ಅದು ಎಟುಕುತ್ತದೆಯೇ ಎಂದೂ ನೋಡಬೇಕು: ಬೆಲೆ ಎಷ್ಟು, ಆಸ್ಪತ್ರೆ ಎಷ್ಟು ದೂರ, ನೋಡಿಕೊಳ್ಳುವವರು ಯಾರು. ಚಿಕಿತ್ಸೆ ನಿಂತರೆ ಎಷ್ಟು ವಾರದಲ್ಲಿ ಏನಾಗುತ್ತದೆ ಎಂದು ವೈದ್ಯರು ಬರೆಯದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ವೈರುಧ್ಯಗಳಲ್ಲಿ ಕೆಲವು ಬರೀ ಪಂಚಾಂಗದ್ದು. ಅಫ್ಘಾನಿಸ್ತಾನ, ಇರಾನಿನ ಕಾಗದಗಳಲ್ಲಿ ವರ್ಷ 1403 ಎಂದಿದ್ದರೆ ಅದು 2024ರ ಮಾರ್ಚ್‌ನಿಂದ 2025ರ ಮಾರ್ಚ್‌ವರೆಗೆ. ಇಥಿಯೋಪಿಯಾದ ಪಂಚಾಂಗ ಏಳೆಂಟು ವರ್ಷ ಹಿಂದೆ, ತಿಂಗಳು ಹದಿಮೂರು. ಶಕ ವರ್ಷ ಗೊತ್ತಿರುವ ನಮಗೆ ಇದೇನು ಹೊಸತಲ್ಲ, ಆದರೂ ಸಂದರ್ಶನದ ಟಿಪ್ಪಣಿಯಲ್ಲಿ ತಪ್ಪಾಗಿ ಪರಿವರ್ತಿಸಿದ ಒಂದು ದಿನಾಂಕ ‘ಸುಳ್ಳು ಹೇಳಿದ್ದಾರೆ’ ಎಂಬಲ್ಲಿಗೆ ಮುಟ್ಟುತ್ತದೆ. ಮೂಲ ದಿನಾಂಕ, ಪರಿವರ್ತಿತ ದಿನಾಂಕ ಎರಡನ್ನೂ ಬರೆಯಿರಿ.

ಕರ್ನಾಟಕದ ಕಾಗದಗಳಿಗೂ ಈ ಕಾಟ ಇದೆ. ಎಫ್ಐಆರ್‌ನಲ್ಲಿ ‘ಮಂಜುನಾಥ ಬಿನ್ ಸಿದ್ದಪ್ಪ’ ಎಂದಿದ್ದರೆ, ಕನ್ನಡ ಬಲ್ಲ ಅನುವಾದಕರಿಗೂ ನಮ್ಮ ಪೊಲೀಸ್, ಕಂದಾಯ ದಾಖಲೆಗಳ ಪರಿಚಯ ಇಲ್ಲದಿದ್ದರೆ ಬಿನ್ ಎಂಬುದು ಹೆಸರಿನ ಭಾಗವಾಗಿಬಿಡುತ್ತದೆ. ‘ಕೋಂ’ ಇನ್ನೂ ಗೊಂದಲ. ಬಿನ್ ಅಂದರೆ ಮಗ, ಕೋಂ ಅಂದರೆ ಹೆಂಡತಿ ಎಂದು ಅನುವಾದಕರು ಅಡಿಟಿಪ್ಪಣಿ ಕೊಡಲಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ, ಶಾಲೆಯ ಟಿಸಿಯಲ್ಲಿ ಇನಿಶಿಯಲ್ ಮುಂದೆ, ಆಶ್ರಯ ಕೇಳಿದ ದೇಶದ ಕಚೇರಿ ದಾಖಲೆಯಲ್ಲಿ ಅಪ್ಪನ ಹೆಸರೇ ಮನೆತನದ ಹೆಸರು. ಮೂರೂ ಒಬ್ಬರೇ ಎಂದು ಒಂದು ಸಾಲಿನಲ್ಲಿ ಹೇಳಿಬಿಡಿ.

ಭಾರತದ ಮಾತು ಬಂದಿದ್ದರಿಂದ ಚಾಹಲ್ ಪ್ರಕರಣವನ್ನೂ ಹೇಳಬೇಕು. ಪಂಜಾಬಿನ ಸಿಖ್ ಪ್ರತ್ಯೇಕತಾವಾದಿಯೊಬ್ಬರನ್ನು ರಾಷ್ಟ್ರೀಯ ಭದ್ರತೆಯ ಹೆಸರಲ್ಲಿ ವಾಪಸು ಕಳಿಸಲು ಬ್ರಿಟನ್ ಹೊರಟಿತ್ತು. ಹಿಂಸಿಸುವುದಿಲ್ಲ ಎಂದು ಭಾರತ ಸರ್ಕಾರ ಮಾತು ಕೊಟ್ಟಿತ್ತು. 1996ರಲ್ಲಿ ನ್ಯಾಯಾಲಯ ಆ ಮಾತಿನ ಪ್ರಾಮಾಣಿಕತೆಯನ್ನು ಅನುಮಾನಿಸಲಿಲ್ಲ, ಪಂಜಾಬ್ ಪೊಲೀಸರ ನಡವಳಿಕೆ ಹಾಗೇ ಇರುವಾಗ ಮಾತು ಸಾಲದು ಎಂದಿತು. ಸರ್ಕಾರ ಇಂಥ ಭರವಸೆ ಪತ್ರ ತಂದರೆ ಯಾರ ಸಹಿ, ಕೆಳಹಂತದವರನ್ನು ಅದು ಕಟ್ಟಿಹಾಕುತ್ತದೆಯೇ, ಹೋಗಿ ನೋಡುವವರು ಯಾರು ಎಂದು ಕೇಳಿ.

ತಡೆ ಸಿಗಲಿ ಬಿಡಲಿ, ಪೂರ್ಣ ಅರ್ಜಿ ನಮೂನೆ ಬೇರೆಯೇ ಹೋಗಬೇಕು. ತಡೆ ನಿರಾಕರಿಸಿದ್ದಕ್ಕೆ ಮೇಲ್ಮನವಿ ಇಲ್ಲ, ಆದರೆ ಪ್ರಕರಣ ಜೀವಂತ. 2022ರ ಫೆಬ್ರವರಿ 1ರಿಂದ ಗಡುವು ಆರು ತಿಂಗಳಲ್ಲ, ನಾಲ್ಕು. ಅಂತಿಮ ತೀರ್ಪು ಮಾರ್ಚ್ 10ಕ್ಕೆ ಕೈಸೇರಿದರೆ ಜುಲೈ 10 ಕೊನೆ. ಅದು ಭಾನುವಾರವಾದರೂ ಸೋಮವಾರಕ್ಕೆ ಜರುಗುವುದಿಲ್ಲ. ಇನ್ನೂ ಹೊರಹಾಕದವರಿಗೆ ಎಣಿಕೆಯನ್ನು ಸಡಿಲಿಸಿದ ತೀರ್ಪುಗಳಿವೆ, ಅವನ್ನು ನಂಬಿ ಕೂರಬೇಡಿ. ಶುಲ್ಕವಿಲ್ಲ. ನಮೂನೆಗೆ ಹೆಚ್ಚುವರಿ ಪುಟ ಇಪ್ಪತ್ತು ಮೀರಬಾರದು, ಲಗತ್ತುಗಳಿಗೆ ಸಾಲಾಗಿ ಪುಟಸಂಖ್ಯೆ ಬೇಕು, ಸ್ಟೇಪಲ್ ಬೇಡ. ವಕಾಲತ್ತಿನ ಭಾಗಕ್ಕೆ ಅರ್ಜಿದಾರರದ್ದೂ ವಕೀಲರದ್ದೂ ಮೂಲ ಸಹಿ ಬೇಕು. ಬಂಧನ ಕೇಂದ್ರದೊಳಗೆ ಇರುವವರಿಂದ ಕೊನೆ ವಾರದಲ್ಲಿ ಈ ಸಹಿ ಪಡೆಯುವುದೇ ದೊಡ್ಡ ಪೇಚು, ಮೊದಲ ಭೇಟಿಯಲ್ಲೇ ಮಾಡಿಸಿಡಿ. ಫ್ಯಾಕ್ಸ್ ಪ್ರತಿ ಗಡುವನ್ನು ನಿಲ್ಲಿಸುವುದಿಲ್ಲ. ಲೆಕ್ಕಕ್ಕೆ ಬರುವುದು ಮೂಲ ನಮೂನೆಯ ಲಕೋಟೆ ಮೇಲಿನ ಅಂಚೆ ಮುದ್ರೆ. ಕಚೇರಿಯ ಫ್ರಾಂಕಿಂಗ್ ಯಂತ್ರದ ಗುರುತನ್ನು ನೆಚ್ಚದೆ, ಕೌಂಟರಿಗೇ ಹೋಗಿ ರಿಜಿಸ್ಟರ್ಡ್ ಮಾಡಿಸಿ ರಸೀದಿ ಫೈಲಿಗೆ ಹಾಕಿ.