ಸ್ಲೈಡ್ ಚಂದ ಇತ್ತು, ಶೀಟಿನಲ್ಲಿ ಡೋಸ್ ಟೈಮ್ ಇರಲಿಲ್ಲ

ದೀರ್ಘಕಾಲದ ಕ್ಯಾನ್ಸರ್ ನೋವಿರುವವರ ರೆಸ್ಟಿಂಗ್ ಸ್ಟೇಟ್ ಸ್ಕ್ಯಾನ್‌ಗಳನ್ನು (ಏನೂ ಮಾಡದೆ ಸುಮ್ಮನೆ ಮಲಗಿದ್ದಾಗ ತೆಗೆದ ಮಿದುಳಿನ ಎಂಆರ್‌ಐ) ಆರೋಗ್ಯವಂತರ ಜೊತೆ ಹೋಲಿಸಿದ ಸ್ಲೈಡ್ ಪರದೆ ಮೇಲಿತ್ತು. ನೋವಿರುವವರಲ್ಲಿ ಮಿದುಳಿನ ಹತ್ತಿರದ ಭಾಗಗಳ ನಡುವೆ ಸಂಪರ್ಕ, ಅಂದರೆ ಸಿಗ್ನಲ್ ಒಟ್ಟಿಗೆ ಏರಿಳಿಯುವುದು, ಹೆಚ್ಚು. ಡೀಫಾಲ್ಟ್ ಮೋಡ್‌ನಲ್ಲಿ (ಸುಮ್ಮನಿದ್ದಾಗ ಒಟ್ಟಿಗೆ ಚುರುಕಾಗುವ ಭಾಗಗಳ ಜಾಲ) ಹಣೆಯ ಹಿಂದಿನ ಎಂಪಿಎಫ್‌ಸಿ ಭಾಗಕ್ಕೂ ಮಿದುಳಿನ ಹಿಂಬದಿಯ ಪಿಸಿಸಿ ಭಾಗಕ್ಕೂ ನಡುವೆ ಕಡಿಮೆ. ಎಲ್ಲರೂ ತಲೆಯಾಡಿಸುತ್ತಿರುವಾಗ ಪ್ಯಾಲಿಯೇಟಿವ್ (ನೋವು ಶಮನ ವಿಭಾಗದ) ನರ್ಸ್ ಕೇಳಿದರು: "ಇವರಿಗೆಲ್ಲ ಮಾರ್ಫಿನ್ ಎಷ್ಟು ಹೊತ್ತಿಗೆ ಕೊಟ್ಟಿದ್ರಿ?" ಯಾರೂ ಮಾತಾಡಲಿಲ್ಲ. ಡೇಟಾ ಶೀಟಿನಲ್ಲಿ ಆ ಕಾಲಂ ಇರಲೇ ಇಲ್ಲ. ಬಿಲ್ಲಿಂಗ್ ಕೋಡ್‌ಗೆ ಮಾತ್ರ ಮೂರು ಕಾಲಂ!

ಮಾರ್ಫಿನ್ ಉಸಿರಾಟವನ್ನು ನಿಧಾನಿಸುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಿದುಳಿನ ರಕ್ತನಾಳಗಳು ಹಿಗ್ಗುತ್ತವೆ. ಈ ಸ್ಕ್ಯಾನ್ ಅಳೆಯುವ ಬೋಲ್ಡ್ ಸಿಗ್ನಲ್ ನಿಂತಿರುವುದೇ ರಕ್ತದ ಹರಿವು ಮತ್ತು ಆಮ್ಲಜನಕದ ಮೇಲೆ. ಹಾಗಾಗಿ ನರಕೋಶಗಳ ಕೆಲಸ ಬದಲಾಗದಿದ್ದರೂ ಸಂಪರ್ಕದ ಅಂಕಿ ಬದಲಾದೀತು. ಬೇಗ ಕರಗುವ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು ಒಂದು ಗಂಟೆಗೆ ಏರಿ, ನಾಲ್ಕು ಗಂಟೆಯ ಹೊತ್ತಿಗೆ ಇಳಿಯುತ್ತದೆ. ಒಬ್ಬರನ್ನು ಏರಿನಲ್ಲಿ, ಇನ್ನೊಬ್ಬರನ್ನು ಇಳಿತದಲ್ಲಿ ಸ್ಕ್ಯಾನ್ ಮಾಡಿ ಒಂದೇ ಗುಂಪಿಗೆ ಹಾಕಿದರೆ ಅಳೆದದ್ದು ನೋವನ್ನೋ ಮಾತ್ರೆಯನ್ನೋ? ಡೋಸ್ ನಿಲ್ಲಿಸಿ ಸ್ಕ್ಯಾನ್ ಮಾಡೋಣ ಎಂಬ ಸಲಹೆಯೂ ಬಂತು, ಅದು ಕ್ರೌರ್ಯ. ಡೋಸ್ ಮತ್ತು ಸ್ಕ್ಯಾನ್ ನಡುವಿನ ಅಂತರ ಎಲ್ಲರಿಗೂ ಒಂದೇ ಇರಲಿ, ನಿಮಿಷ ಸಮೇತ ಬರೆದಿಡಿ, ಉಸಿರಾಟ ಅಳೆಯುವ ಬೆಲ್ಟ್ ಕಟ್ಟಿ.

ಇನ್ನು ಆ ಚಿತ್ರದ ವಿನ್ಯಾಸ. ಹತ್ತಿರದ್ದು ಹೆಚ್ಚು, ದೂರದ್ದು ಕಡಿಮೆ: ತಲೆ ಅಲುಗಾಡಿದರೆ ಡೇಟಾದಲ್ಲಿ ಬರುವುದೂ ಇದೇ. 2012ರಿಂದ ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಬೆನ್ನುಮೂಳೆಗೆ ಗಡ್ಡೆ ಹರಡಿದವರು ಗಟ್ಟಿ ಮೇಜಿನ ಮೇಲೆ ಅಂಗಾತ ಮಲಗಿ ಅಲುಗಾಡದೆ ಇರುವುದು ಹೇಗೆ? ನೋವು ಹೆಚ್ಚಿದ್ದವರೇ ಹೆಚ್ಚು ಅಲುಗುತ್ತಾರೆ, ಆದ್ದರಿಂದ ನೋವಿನ ಅಂಕದ ಜೊತೆಗೇ ಈ ದೋಷವೂ ಏರುತ್ತದೆ. ಎಫ್‌ಡಿ (ಒಂದು ವಾಲ್ಯೂಮ್‌ನಿಂದ ಮುಂದಿನದಕ್ಕೆ ತಲೆ ಸರಿದ ಅಳತೆ) 0.2 ಮಿ.ಮೀ. ದಾಟಿದ ವಾಲ್ಯೂಮ್‌ಗಳನ್ನು, ಅಂದರೆ ಇಡೀ ಮಿದುಳಿನ ಒಂದೊಂದು ಚಿತ್ರವನ್ನು, ಸ್ಕ್ರಬ್ ಮಾಡಿ, ಲೆಕ್ಕದಿಂದ ಕೈಬಿಡಿ. ಟಿಆರ್ (ಒಂದು ವಾಲ್ಯೂಮ್‌ಗೆ ಹಿಡಿಯುವ ಸಮಯ) 2 ಸೆಕೆಂಡ್ ಆದರೆ ಕನಿಷ್ಠ 150 ವಾಲ್ಯೂಮ್, ಅಂದರೆ ಐದು ನಿಮಿಷದಷ್ಟು, ಉಳಿಯಬೇಕು. ಅದಕ್ಕೇ ಹತ್ತು ನಿಮಿಷ ಸ್ಕ್ಯಾನ್ ಮಾಡುವುದು. ಬಳಿಕ ಎರಡೂ ಗುಂಪಿನ ಸರಾಸರಿ ಎಫ್‌ಡಿ ಹೋಲಿಸಿ. ಅದರಲ್ಲೇ ವ್ಯತ್ಯಾಸ ಉಳಿದಿದ್ದರೆ ಚಿತ್ರ ತೋರಿಸಲು ಅವಸರ ಬೇಡ.

ಮಂಡಿ ಕೆಳಗೆ ದಿಂಬು ಕೊಡಿ. ಲೋಕಲೈಸರ್ (ತಲೆ ಎಲ್ಲಿದೆ ಎಂದು ನೋಡುವ ಚಿಕ್ಕ ಸ್ಕ್ಯಾನ್) ಆದ ತಕ್ಷಣ ರೆಸ್ಟಿಂಗ್ ರನ್ ತೆಗೆದುಕೊಳ್ಳಿ, ಮಿದುಳಿನ ರಚನೆ ತೋರಿಸುವ ಟಿ1 ಸ್ಕ್ಯಾನ್ ಆಮೇಲೆ. ಮಲಗಿದಷ್ಟೂ ನೋವು ಏರುತ್ತದೆ. ಸೊನ್ನೆಯಿಂದ ಹತ್ತರ ನೋವಿನ ಅಂಕವನ್ನು ರನ್‌ಗೆ ಮುಂಚೆಯೂ ಮುಗಿದ ಕೂಡಲೇ ಕೂಡ ಕೇಳಿ. ಬೆಳಗ್ಗೆ ವಾರ್ಡಿನಲ್ಲಿ ಬರೆದ ಅಂಕ ಇಲ್ಲಿ ಕೆಲಸಕ್ಕೆ ಬಾರದು. ಅರ್ಧ ಗಂಟೆ ಸ್ಲಾಟ್ ಕೊಟ್ಟು "ಮುಗಿಸಿಬಿಡಿ" ಅನ್ನುವ ಮ್ಯಾನೇಜರ್‌ಗಳು ಒಮ್ಮೆ ಆ ಮೇಜಿನ ಮೇಲೆ ಮಲಗಿ ನೋಡಲಿ.

ಹೋಲಿಕೆಗೆ ಆರೋಗ್ಯವಂತರು ಸಾಲದು. ಆಕ್ಸಾಲಿಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಕೀಮೋ ಔಷಧಗಳು ನರಗಳಿಗೇ ಹಾನಿ ಮಾಡುತ್ತವೆ. ಕೀಮೋ ಗಮನ, ನೆನಪುಗಳನ್ನೂ ತಟ್ಟುತ್ತದೆ. ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ನಿದ್ದೆ ಕೆಡಿಸುತ್ತದೆ. ಅದೇ ಕ್ಯಾನ್ಸರ್, ಅದೇ ಕೀಮೋ, ಆದರೆ ನೋವಿಲ್ಲದವರು ಬೇಕು. ಅಂಥವರನ್ನು ಹುಡುಕುವುದೇ ದೊಡ್ಡ ಕೆಲಸ, ಹಾಗಾಗಿ ಗುಂಪು ಚಿಕ್ಕದಾಗುತ್ತದೆ, ಆಗಲಿ. ಮಿದುಳಿಗೆ ಗಡ್ಡೆ ಹರಡಿದವರನ್ನು ಹೋಲಿಕೆಗೆ ಮೊದಲೇ ಬೇರೆ ಮಾಡಿ.

ಸ್ಕ್ರೀನಿಂಗ್ ಫಾರಂನಲ್ಲಿ ಇನ್ನೊಂದು ಸಾಲು ಸೇರಿಸಿ: ಚರ್ಮದ ಪ್ಯಾಚ್. ಕೆಲವು ಔಷಧ ಪ್ಯಾಚ್‌ಗಳ ಹಿಂಬದಿಯಲ್ಲಿ ಲೋಹದ ಪದರ ಇರುತ್ತದೆ, ಸ್ಕ್ಯಾನರ್ ಒಳಗೆ ಅದು ಕಾದು ಚರ್ಮ ಸುಡಬಹುದು. ತೆಗೆಯುವುದೋ ಬಿಡುವುದೋ ಎಂಬುದನ್ನು ನೋವಿನ ಡಾಕ್ಟರೇ ಹೇಳಬೇಕು. ತೆಗೆದರೆ ಆ ಹೊತ್ತನ್ನೂ ಡೋಸ್ ಕಾಲಂನಲ್ಲೇ ಬರೆಯಿರಿ.