ಈಚೆಗೆ ಯಾವ ಕಾದಂಬರಿ ಓದಿದಿರಿ, ಯಾವ ಆಪ್‌ನಲ್ಲಿ ಓದಿದಿರಿ?

ಕಾದಂಬರಿಯೊಂದನ್ನು ಓದಿ ಮುಗಿಸಿ ಅದರ ಬಗ್ಗೆ ನಾಲ್ಕು ಮಾತು ಬರೆದರೆ ಸಾಕು, ಗೆಳೆಯರಿಂದ ತಪ್ಪದೆ ಬರುವ ಪ್ರಶ್ನೆ ಇದು: “ಇದು ಮೊಬೈಲಿನಲ್ಲಿ ಸಿಗುತ್ತದೆಯೇ? ಕನ್ನಡಕ್ಕೆ ಒಳ್ಳೆಯ ಆಪ್ ಯಾವುದು?” ಕನ್ನಡ ಪುಸ್ತಕದಂಗಡಿಯೇ ಇಲ್ಲದ ಊರುಗಳಲ್ಲಿ ಇರುವವರು ಕೇಳುತ್ತಾರೆ, ಸಣ್ಣ ಅಚ್ಚನ್ನು ಓದಲು ಕಣ್ಣು ಸಹಕರಿಸದ ಹಿರಿಯರೂ ಕೇಳುತ್ತಾರೆ. ಅವರಿಗೆ ನಾನು ಆಪ್‌ನ ಹೆಸರನ್ನು ಮೊದಲು ಹೇಳುವುದಿಲ್ಲ. ಯಾವ ಕಾದಂಬರಿಯನ್ನು ಓದಬೇಕೆಂದಿದ್ದೀರಿ ಎಂದು ಕೇಳುತ್ತೇನೆ. ಕೆಲವು ಕೃತಿಗಳು ಫೋನಿನ ಪರದೆಗೆ ಒಗ್ಗುತ್ತವೆ, ಕೆಲವು ಕಿವಿಗೆ ಒಗ್ಗುತ್ತವೆ, ಇನ್ನು ಕೆಲವನ್ನು ಕಾಗದದಲ್ಲಿ ಓದಿದರೆ ಮಾತ್ರ ತೃಪ್ತಿ.

ಈಚಿನ ನನ್ನ ಓದಿನಲ್ಲಿ ಫೋನಿಗೆ ಚೆನ್ನಾಗಿ ಒಗ್ಗಿದ್ದು ವಿವೇಕ ಶಾನಭಾಗರ ‘ಘಾಚರ್ ಘೋಚರ್’. 2013ರಲ್ಲಿ ಬಂದ ಇದು ಗಾತ್ರದಲ್ಲಿ ಚಿಕ್ಕದು. ಕಾಫಿ ಹೌಸಿನಲ್ಲಿ ಕೂತ ನಿರೂಪಕ, ಅಲ್ಲಿನ ವೇಟರ್ ವಿನ್ಸೆಂಟ್, ಮಸಾಲೆ ವ್ಯಾಪಾರದಿಂದ ಇಡೀ ಕುಟುಂಬವನ್ನು ಮೇಲೆತ್ತಿದ ಚಿಕ್ಕಪ್ಪ, ಎಲ್ಲವೂ ಒಂದೇ ದನಿಯಲ್ಲಿ ಹರಿದು ಬರುವುದರಿಂದ ಬಸ್ಸಿನಲ್ಲಿ ಅರ್ಧಕ್ಕೆ ನಿಲ್ಲಿಸಿ ಮತ್ತೆ ತೆರೆದರೂ ಎಳೆ ಕಡಿಯುವುದಿಲ್ಲ. ದುಡ್ಡು ಒಂದು ಒಳ್ಳೆಯ ಕುಟುಂಬವನ್ನು ಕೆಡಿಸಿದ ಕಥೆ ಎಂದು ಇದನ್ನು ಹೇಳುವವರಿದ್ದಾರೆ, ನಾನು ಒಪ್ಪುವುದಿಲ್ಲ. ಹಳೆಯ ಮನೆಯ ಇರುವೆಗಳ ಭಾಗವನ್ನು ನಿಧಾನವಾಗಿ ಓದಿ ನೋಡಿ. ಇರುವೆಯ ಕಾಟ ತಾಳಲಾರದೆ ಮನೆಮಂದಿ ಅವುಗಳ ಮೇಲೆ ತಿರುಗಿ ಬೀಳುತ್ತಾರೆ, ಕೊನೆಕೊನೆಗೆ ಕಂಡಲ್ಲಿ ಹೊಸಕಿ ಹಾಕುವುದು ಅವರಿಗೆ ಏನೂ ಅಲ್ಲದಂತಾಗುತ್ತದೆ. ಅದು ಬಡತನದ ದಿನಗಳ ಮಾತು. ದುಡ್ಡು ಬರುವ ಮೊದಲೇ ಆ ಮನೆಯಲ್ಲಿ ಕ್ರೌರ್ಯಕ್ಕೆ ಜಾಗವಿತ್ತು, ದುಡ್ಡು ಅದಕ್ಕೆ ರಕ್ಷಣೆ ಒದಗಿಸಿತು ಅಷ್ಟೆ ಎಂಬುದು ನನ್ನ ಓದು.

ವಸುಧೇಂದ್ರರ ‘ತೇಜೋ-ತುಂಗಭದ್ರಾ’ (2019) ಬೇರೆಯೇ ಬಗೆಯದು. ಲಿಸ್ಬನ್ನಿನ ತೇಜೋ ನದಿಯ ದಂಡೆಯಲ್ಲಿ ಗೇಬ್ರಿಯಲ್ ಮತ್ತು ಬೆಲ್ಲಾ, ವಿಜಯನಗರದ ನೆಲದಲ್ಲಿ ಹಂಪಮ್ಮ ಮತ್ತು ಕೇಶವ, ನಡುವೆ ಕಡಲು. ಪೋರ್ಚುಗೀಸರು 1510ರಲ್ಲಿ ಗೋವಾವನ್ನು ಗೆದ್ದ ಕಾಲದ ಆಸುಪಾಸಿನ ಕಥೆ ಇದು. ಯಹೂದಿಗಳನ್ನು ಮತಾಂತರಕ್ಕೆ ಒತ್ತಾಯಿಸುವ ಲಿಸ್ಬನ್ನನ್ನೂ, ಒಡೆಯನಿಗಾಗಿ ಪ್ರಾಣ ಕೊಡುವ ಹರಕೆ ಹೊತ್ತ ಲೆಂಕನನ್ನು ಹಾಡಿ ಹೊಗಳುವ ವಿಜಯನಗರವನ್ನೂ ಲೇಖಕರು ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ; ಯಾವ ಕಡೆಯ ವೈಭವಕ್ಕೂ ಮರುಳಾಗದ ಆ ನೋಟವೇ ಈ ಕಾದಂಬರಿಯ ದೊಡ್ಡ ಗುಣ. ಕೆಲವೆಡೆ ಆ ಕಾಲದ ವಿವರಗಳು ಪಾತ್ರಗಳಿಗಿಂತ ಮುಂದೆ ಓಡುತ್ತವೆ ಎಂಬ ತಕರಾರು ನನಗಿದೆ, ಆದರೆ ಹಡಗಿನ ಪಯಣದ ಭಾಗದಲ್ಲಿ ಆ ತಕರಾರು ಮರೆತೇಹೋಗುತ್ತದೆ. ನಾನೂರಕ್ಕೂ ಹೆಚ್ಚು ಪುಟಗಳಿರುವ ಇಂಥ ಪುಸ್ತಕವನ್ನು ರಾತ್ರಿ ಮಲಗಿಕೊಂಡು ಓದುವವರಿಗೆ ಫೋನು ಕೈಗೆ ಹಗುರ. ಒಂದು ದೇಶದಿಂದ ಇನ್ನೊಂದಕ್ಕೆ ಕಥೆ ದಾಟುವಲ್ಲೆಲ್ಲ ಗುರುತು ಹಾಕಿಕೊಳ್ಳಿ. ಪರದೆಯ ಮೇಲೆ ಹಿಂದಿನ ಪುಟಗಳಿಗೆ ಮರಳುವುದು ಅಷ್ಟು ಸಲೀಸಲ್ಲ.

ಇದೇ ಕಾರಣಕ್ಕೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕೃತಿಯನ್ನು ಕಾಗದದಲ್ಲೇ ಓದಿ ಎನ್ನುತ್ತೇನೆ. ಅದರ ಪಾತ್ರ ಗುತ್ತಿಯ ಹಿಂದೆ ಹೊರಟ ಓದುಗರು ಸಿಂಬಾವಿ, ಮೇಗರವಳ್ಳಿ ಎಂದು ಕಾಡುದಾರಿಯಲ್ಲಿ ಅಲೆಯುತ್ತ, ಯಾರ ಮನೆಯ ಆಳು ಯಾರು, ಯಾರಿಗೆ ಯಾರು ನೆಂಟರು ಎಂದು ಮತ್ತೆ ಮತ್ತೆ ಹಿಂದಕ್ಕೆ ತಿರುವಿ ನೋಡಬೇಕಾಗುತ್ತದೆ.

ಕಿವಿಗೆ ಒಗ್ಗುವ ಕೃತಿಗೆ ನನ್ನ ಉದಾಹರಣೆ ದೇವನೂರ ಮಹಾದೇವರ ‘ಕುಸುಮಬಾಲೆ’. ಮನೆಮನೆಯ ದೀಪಗಳು ಜೋತಮ್ಮಗಳಾಗಿ ರಾತ್ರಿ ಒಂದೆಡೆ ಸೇರಿ ಕಷ್ಟಸುಖ ಹಂಚಿಕೊಳ್ಳುವ ಪುಟಗಳನ್ನು, ನಂಜನಗೂಡು-ಚಾಮರಾಜನಗರದ ಕಡೆಯ ಮಾತು ತಿಳಿಯದ ಧಾರವಾಡದ ಅಥವಾ ಮಂಗಳೂರಿನ ಓದುಗರು ಮೌನವಾಗಿ ಓದಲು ಹೋದರೆ ಸಾಲು ಸಾಲಿಗೂ ತಡೆಯುತ್ತದೆ. ಅದನ್ನೇ ಆ ಸೀಮೆಯವರೊಬ್ಬರು ಗಟ್ಟಿಯಾಗಿ ಓದಲಿ, ಎಲ್ಲಿ ಉಸಿರು ನಿಲ್ಲಬೇಕು, ಎಲ್ಲಿ ಎಳೆಯಬೇಕು ಎಂಬುದೆಲ್ಲ ತಾನಾಗಿ ತಿಳಿಯುತ್ತದೆ. ಆಡಿಯೋ ಪುಸ್ತಕದ ಆಪ್‌ಗಳಿಂದ ನಾನು ಮುಖ್ಯವಾಗಿ ಬಯಸುವುದು ಇಂಥ ದನಿಗಳನ್ನು. ಪಠ್ಯವನ್ನು ಓದಿ ಹೇಳುವ ಯಂತ್ರದ ದನಿ ಸುದ್ದಿಗೆ ಸಾಕಾದೀತು, ಜೋತಮ್ಮಗಳ ಮಾತಿಗೆ ಸಾಲದು.

ಇನ್ನು ಆಪ್‌ಗಳ ವಿಚಾರ. ಅಮೆಜಾನ್ ಕಿಂಡಲ್ 2016ರ ಕೊನೆಯಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನು ತಂದಾಗ ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಆ ಬೇಸರ ನನಗಿನ್ನೂ ಪೂರ್ತಿ ಹೋಗಿಲ್ಲ. ಆದ್ದರಿಂದಲೇ ಕನ್ನಡಿಗರು ಕಟ್ಟಿದ ಮೈಲ್ಯಾಂಗ್‌ನಂಥ ಆಪ್‌ನಲ್ಲಿ ಇ-ಪುಸ್ತಕವೂ ಆಡಿಯೋ ಪುಸ್ತಕವೂ ಬಂದಾಗ ಮನಸ್ಸು ತುಂಬಿ ಸ್ವಾಗತಿಸಿದವರಲ್ಲಿ ನಾನೂ ಒಬ್ಬ. ಗೂಗಲ್ ಪ್ಲೇ ಬುಕ್ಸ್‌ನಲ್ಲೂ ಕನ್ನಡ ಪುಸ್ತಕಗಳಿವೆ. ಯಾವುದೇ ಹೊಸ ಆಪ್ ಕಂಡಾಗ ನಾನು ಮಾಡುವ ಮೊದಲ ಕೆಲಸ, ಉಚಿತವಾಗಿ ಕೊಡುವ ಮಾದರಿ ಪುಟಗಳಲ್ಲಿ ಅರ್ಕಾವತ್ತನ್ನು, ಅಂದರೆ ‘ಧರ್ಮ’ದಂಥ ಪದಗಳಲ್ಲಿ ‘ರ್’ ದನಿಗೆ ಬರೆಯುವ ಗುರುತನ್ನು, ಹುಡುಕುವುದು.

ಇದಕ್ಕೆ ಕಾರಣವಿದೆ. ನಮ್ಮ ಎಷ್ಟೋ ಪುಸ್ತಕಗಳು ಯೂನಿಕೋಡ್ (ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತ ಪದ್ಧತಿ) ಬಳಕೆಗೆ ಬರುವ ಮುಂಚಿನ ಫಾಂಟುಗಳಲ್ಲಿ ಡಿಟಿಪಿ ಆದಂಥವು. ಆ ಪದ್ಧತಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ, ದಾಖಲಾಗುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಲ್ಲಿ, ಅಕ್ಷರಕ್ಕಿಂತ ಮೊದಲು ಬರಬೇಕು. ಪರಿವರ್ತನೆ ಮಾಡಿದವರು ಇದನ್ನು ಗಮನಿಸದಿದ್ದರೆ ‘ಧರ್ಮ’ ಹೋಗಿ ‘ಧಮರ್’ ಆಗುತ್ತದೆ, ‘ಕಾರ್ಯ’ ಹೋಗಿ ‘ಕಾಯರ್’ ಆಗುತ್ತದೆ. ಓದುವಾಗ ಪ್ರತಿ ಪುಟದಲ್ಲೂ ಎಡವುವುದು ಒಂದು ತೊಂದರೆ. ಪುಸ್ತಕದೊಳಗೆ ‘ಧರ್ಮ’ ಎಂದು ಹುಡುಕಿದರೆ ಆ ಪದ ಸಿಗದೇ ಹೋಗುವುದು, ಕಣ್ಣು ಕಾಣದವರಿಗೆ ಓದಿ ಹೇಳುವ ಸಾಫ್ಟ್‌ವೇರ್ ಅದನ್ನು ತಪ್ಪಾಗಿಯೇ ಉಚ್ಚರಿಸುವುದು ಇನ್ನೂ ದೊಡ್ಡ ತೊಂದರೆ. ಎರಡನೆಯದಾಗಿ, ಅಕ್ಷರವನ್ನು ದೊಡ್ಡದು ಮಾಡಿ ನೋಡುತ್ತೇನೆ. ಸಾಲುಗಳು ಪರದೆಗೆ ತಕ್ಕಂತೆ ಮತ್ತೆ ಜೋಡಣೆಯಾದರೆ ಅದು ನಿಜವಾದ ಇ-ಪುಸ್ತಕ. ಸ್ಕ್ಯಾನ್ ಮಾಡಿದ ಪುಟದ ಚಿತ್ರವಾದರೆ ಪ್ರತಿ ಸಾಲಿಗೂ ಪರದೆಯನ್ನು ಎಡಕ್ಕೂ ಬಲಕ್ಕೂ ಎಳೆದಾಡಬೇಕಾಗುತ್ತದೆ. ಅಚ್ಚಿನಲ್ಲಿ ಸಿಗದ ಹಳೆಯ ಪುಸ್ತಕಕ್ಕಾದರೆ ಸಹಿಸಿಕೊಳ್ಳಬಹುದು, ದುಡ್ಡು ಕೊಟ್ಟು ಕೊಂಡ ಕಾದಂಬರಿಗೆ ಇದು ಸಲ್ಲದು.

ಓದಿನ ಜೊತೆಗೆ ಫೋನಿನಲ್ಲಿ ಇಟ್ಟುಕೊಳ್ಳಬೇಕಾದದ್ದು ವಿ. ಕೃಷ್ಣ ಅವರ ‘ಅಲರ್’ ನಿಘಂಟು. ಒಬ್ಬರೇ ದಶಕಗಳ ಕಾಲ ಕೂತು ಕಟ್ಟಿದ, ಒಂದೂವರೆ ಲಕ್ಷದಷ್ಟು ಪದಗಳಿರುವ ಈ ಕನ್ನಡ-ಇಂಗ್ಲಿಷ್ ನಿಘಂಟು 2019ರಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿದೆ. ಕನ್ನಡ ಓದು ತಪ್ಪಿಹೋಗಿ ಮತ್ತೆ ಶುರು ಮಾಡುತ್ತಿರುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ದುಡ್ಡಿನ ಪ್ರಶ್ನೆಯನ್ನೂ ಹಲವರು ಕೇಳುತ್ತಾರೆ. ಆಪ್‌ನಲ್ಲಿ ಕೊಂಡ ಪುಸ್ತಕ ನಿಮ್ಮ ಖಾತೆಯೊಳಗೆ ಇರುತ್ತದೆ. ಅದನ್ನು ಪಕ್ಕದ ಮನೆಯವರಿಗೆ ಓದಲು ಕೊಡಲು ಆಗುವುದಿಲ್ಲ. ಹಾಗಾಗಿ ಬೇರೆಯವರಿಗೂ ಓದಿಸಬೇಕು ಅನ್ನಿಸಿದ ಕಾದಂಬರಿಯನ್ನು ನಾನು ಕಾಗದದ ಪ್ರತಿಯಾಗಿಯೂ ಕೊಳ್ಳುತ್ತೇನೆ. ‘ಘಾಚರ್ ಘೋಚರ್’ ಸದ್ಯ ಹಾಗೆ ಒಬ್ಬ ಗೆಳೆಯರ ಮನೆಯಲ್ಲಿದೆ, ಅವರ ನಂತರ ಇಬ್ಬರು ಕೇಳಿಟ್ಟಿದ್ದಾರೆ.