ಗೆದ್ದ ಮೇಲೆ ಕಾಣಿಸಿದ ತಪ್ಪು

ಹೋದ ಶನಿವಾರ ರಾತ್ರಿ ಬರ್ಮಿಂಗ್‌ಹ್ಯಾಮ್‌ನಿಂದ ಚಿಕ್ಕಪ್ಪನ ಮಗನ ಫೋನ್ ಬಂತು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ನೆಟ್‌ವರ್ಕ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ಅಲ್ಲೇ ಅಪ್ಪ ಕವಳ ಹಾಕುತ್ತ ಕೂತಿರುತ್ತಾರೆ. ಹಾಗಾಗಿ ನಮ್ಮನೆಯಲ್ಲಿ ಯಾರ ಫೋನೂ ಗುಟ್ಟಲ್ಲ.

"ಅಣ್ಣಾ, ನಂಗೆ ಮೋಸ ಆಯ್ತು ಮಾರಾಯ" ಅಂದ.

ಅವನು ಅಲ್ಲಿ ಆಗಾಗ ಬೆಟ್ಟಿಂಗ್ ಆಡುತ್ತಾನೆ. ಅಲ್ಲಿ ಅದು ಕಾನೂನಿನ ಒಳಗಿನ ವ್ಯವಹಾರ, ಕಂಪನಿಗಳಿಗೆ ಲೈಸೆನ್ಸ್ ಇದೆ. ಈ ಸಲ ಒಂದು ಟೆನಿಸ್ ಮ್ಯಾಚ್. ಒಬ್ಬ ಹೆಸರು ಮಾಡಿದ ಆಟಗಾರ, ಇನ್ನೊಬ್ಬ ಹೊಸ ಹುಡುಗ. ಆಪ್‌ನಲ್ಲಿ ದೊಡ್ಡವನ ಹೆಸರಿನ ಮುಂದೆ 7.00 ಅಂತ ರೇಟ್ ಇತ್ತಂತೆ, ಹುಡುಗನ ಮುಂದೆ 1.10. ಅಂದರೆ ದೊಡ್ಡವನ ಮೇಲೆ ಒಂದು ಪೌಂಡ್ ಕಟ್ಟಿ ಅವನು ಗೆದ್ದರೆ, ಕಟ್ಟಿದ್ದೂ ಸೇರಿ ಏಳು ಪೌಂಡ್ ಕೈಗೆ. ಇವನು 20 ಪೌಂಡ್ ಕಟ್ಟಿದ. ಆಟಗಾರ ಗೆದ್ದ. 140 ಬರಬೇಕಿತ್ತು, ಬಂದಿದ್ದು 22. ಕೇಳಿದ್ದಕ್ಕೆ, ಎರಡು ಹೆಸರುಗಳ ರೇಟ್ ಅದಲುಬದಲಾಗಿತ್ತು, ಇದು ಎದ್ದು ಕಾಣುವ ತಪ್ಪು, ನಮ್ಮ ನಿಯಮದಂತೆ ಸರಿಯಾದ ರೇಟಿಗೆ ಲೆಕ್ಕ ಮುಗಿಸಿದ್ದೇವೆ ಅಂತ ಉತ್ತರ.

ಈ ನಿಯಮಕ್ಕೆ ಅಲ್ಲಿ 'ಪಾಲ್ಪಬಲ್ ಎರರ್' ಅಂತ ಹೆಸರು. ಆಡುವವರ ಬಾಯಲ್ಲಿ ಬರೀ 'ಪಾಲ್ಪ್'. ಹೆಚ್ಚುಕಡಿಮೆ ಎಲ್ಲ ಕಂಪನಿಗಳ ನಿಯಮಪಟ್ಟಿಯಲ್ಲೂ ಇರುತ್ತದೆ.

"ಕಟ್ಟುವಾಗ ನಿಂಗೆ ಗೊತ್ತಾಗ್ಲಿಲ್ವಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ವಿಚಿತ್ರ ಅನ್ನಿಸ್ತು. ಅವನಿಗೆ ಗಾಯ-ಗೀಯ ಆಗಿರಬಹುದು ಅಂದ್ಕೊಂಡೆ" ಅಂದ. ಆ ಸ್ವಲ್ಪ ಹೊತ್ತನ್ನು ನಾನೂ ಗಮನಿಸಿದೆ, ಅಪ್ಪನೂ ಗಮನಿಸಿದರು. ಆದರೆ ಗಾಯದ ಮಾತು ಪೂರ್ತಿ ಸುಳ್ಳು ಅಂತಲೂ ಹೇಳೋಕಾಗಲ್ಲ. ಟೆನಿಸ್‌ನಲ್ಲಿ ದೊಡ್ಡ ಆಟಗಾರನ ರೇಟ್ ಒಮ್ಮೆಲೇ ಏರಿದರೆ ಜನ ಮೊದಲು ಊಹಿಸುವುದೇ ಅದನ್ನು.

ಅಪ್ಪ ಕವಳ ಉಗಿದು ಬಂದು ಫೋನಿನ ಹತ್ತಿರ ಬಗ್ಗಿದರು. "ಅಲ್ಲವೋ ಮಾಣಿ, ಸರಿ ರೇಟಿಗೆ ದುಡ್ಡು ಕೊಟ್ಟಿದ್ದಾರಲ್ಲ, ಮತ್ತೆಂತ ಮೋಸ?"

"ದೊಡ್ಡಪ್ಪಾ, ಎರಡು ಪೌಂಡ್ ಲಾಭಕ್ಕೆ ಇಪ್ಪತ್ತು ಪೌಂಡ್ ಯಾರು ಕಟ್ತಾರೆ? 1.10 ಅಂತ ಇದ್ದಿದ್ರೆ ನಾನು ಮುಟ್ಟುತ್ತಲೇ ಇರ್ಲಿಲ್ಲ."

ಇದಕ್ಕೆ ಅಪ್ಪನ ಹತ್ತಿರ ಉತ್ತರ ಇರಲಿಲ್ಲ. ನಾನು ಒಪ್ಪದ ರೇಟಿನಲ್ಲಿ ನನ್ನ ಹೆಸರಲ್ಲಿ ವ್ಯಾಪಾರ ಮುಗಿಸಿದರೆ ಅದು ಸರಿ ರೇಟ್ ಆಗುವುದು ಹೇಗೆ? ತಪ್ಪಾಗಿದೆ ಅಂದರೆ ದುಡ್ಡು ವಾಪಸ್ ಕೊಡಿ, ವ್ಯವಹಾರವೇ ಇಲ್ಲ ಅನ್ನಿ. ಅದೂ ಮ್ಯಾಚ್ ಶುರುವಾಗೋ ಮುಂಚೆ. ಮ್ಯಾಚ್ ಮುಗಿದ ಮೇಲೆ ವಾಪಸ್ ಕೊಡುವುದರಲ್ಲಿ ಬೇರೆಯೇ ತೊಂದರೆ ಇದೆ. ಗೆದ್ದವರಿಗೆ ಮಾತ್ರ "ತಪ್ಪಾಗಿತ್ತು, ತಗೊಳ್ಳಿ ನಿಮ್ಮ 20" ಅಂದು, ಸೋತವರ 20ನ್ನು ಸುಮ್ಮನೆ ಇಟ್ಟುಕೊಂಡರೆ ಕಂಪನಿಗೆ ಸೋಲೇ ಇಲ್ಲ.

ಅಪ್ಪ ಇಷ್ಟು ಆಸಕ್ತಿ ವಹಿಸಿದ್ದು ಬೆಟ್ಟಿಂಗ್ ಮೇಲಿನ ಪ್ರೀತಿಯಿಂದಲ್ಲ. ದೀಪಾವಳಿಯಲ್ಲಿ ಇಸ್ಪೀಟು ಹಿಡಿದವರನ್ನೂ ಅವರು ಬೈಯುತ್ತಾರೆ. ಅವರಿಗೆ ನೆನಪಾಗಿದ್ದು ಅಡಿಕೆ ಮಂಡಿ. ಚೀಟಿಯಲ್ಲಿ ಟೆಂಡರ್ ಬರೆಯುತ್ತಿದ್ದ ಕಾಲ, ರಾಶಿ ಅಡಿಕೆ ಕ್ವಿಂಟಲಿಗೆ ಹದಿನೇಳು ಸಾವಿರದ ಆಸುಪಾಸು ಇದ್ದಾಗಿನ ಮಾತು. ಶಿವಮೊಗ್ಗದ ಮಂಡಿಯಲ್ಲಿ ಒಬ್ಬ ವರ್ತಕ ನಮ್ಮ ಲಾಟಿಗೆ 17,100 ಬರೆಯುವ ಬದಲು 71,100 ಬರೆದಿದ್ದನಂತೆ. ಚೀಟಿ ಓದಿದಾಗ ಮಂಡಿಗೆ ಮಂಡಿಯೇ ನಕ್ಕಿತು, ಅಪ್ಪನೂ ನಕ್ಕರು, ಹೊಸ ಚೀಟಿ ಬರೆಸಿ ಮುಗಿಸಿದರು. ಯಾರಿಗೂ ಮೋಸ ಅನ್ನಿಸಲಿಲ್ಲ. ಮುಂದಿನ ವರ್ಷ ಇನ್ನೊಬ್ಬ ವರ್ತಕ ಪಕ್ಕದ ಲಾಟಿನ ರೇಟನ್ನು ನಮ್ಮ ಲಾಟಿಗೆ ಬರೆದುಬಿಟ್ಟ. ಆರೇಳುನೂರು ರೂಪಾಯಿ ಜಾಸ್ತಿ, ಅಷ್ಟೆ. ಸಂಜೆ ತೂಕ ಎಲ್ಲ ಆಗಿ ಮೂಟೆ ಹೊಲಿದ ಮೇಲೆ ಬಂದು, ಕೈತಪ್ಪಾಯ್ತು ಅಂದ. ಮಂಡಿಯವರು ಕೇಳಿದ್ದು ಒಂದೇ ಪ್ರಶ್ನೆ: "ತೂಕ ಆಯ್ತಲ್ವಾ?"

ತೂಕಕ್ಕೆ ಮುಂಚೆ ಆದರೆ ತಪ್ಪು, ತೂಕ ಆದ ಮೇಲೆ ವ್ಯಾಪಾರ. ಅಪ್ಪನ ಪ್ರಕಾರ ಟೆನಿಸ್‌ಗೂ ಇಷ್ಟೇ ಸಾಕು.

ನನಗೆ ಅಷ್ಟು ಸುಲಭ ಅನ್ನಿಸಲಿಲ್ಲ. ರಾತ್ರಿ ಕೂತು ಒಂದಷ್ಟು ಓದಿದೆ. ಇಂಗ್ಲೆಂಡಿನಲ್ಲಿ 1939ರ ಒಂದು ಕೇಸ್ ಇದೆ, ಬೆಟ್ಟಿಂಗಿನದಲ್ಲ, ಮೊಲದ ಚರ್ಮದ್ದು. ಅರ್ಜೆಂಟೀನಾದ 30,000 ಚರ್ಮಗಳ ವ್ಯಾಪಾರ. ಮೊದಲಿನಿಂದ ಮಾತಾಡಿದ್ದು ಒಂದು ಚರ್ಮಕ್ಕೆ ಇಷ್ಟು ಅಂತ. ಮಾರುವವರು ಕೊನೆಗೆ ಬರೆಯುವಾಗ ಒಂದು ಪೌಂಡ್ ತೂಕಕ್ಕೆ ಇಷ್ಟು ಅಂತ ಬರೆದುಬಿಟ್ಟರು. ಪೌಂಡಿಗೆ ಸುಮಾರು ಮೂರು ಚರ್ಮ ತೂಗುತ್ತಿತ್ತು, ಅಂದರೆ ಮೂರರಲ್ಲೊಂದು ಬೆಲೆಗೆ ಮಾಲು. ಕೊಳ್ಳುವವನು ತಕ್ಷಣ ಒಪ್ಪಿಕೊಂಡ. ಕೋರ್ಟ್, ಇದು ತಪ್ಪು ಅಂತ ನಿನಗೂ ಗೊತ್ತಿರಲೇಬೇಕು, ದಕ್ಕುವುದಿಲ್ಲ ಅಂದಿತು. ಬೆಳಿಗ್ಗೆ ಅಪ್ಪನಿಗೆ ಹೇಳಿದೆ, ಬಹಳ ಖುಷಿಪಟ್ಟರು. 71,100ರ ಚೀಟಿ ಅಂದರೆ ಇದೇ ಅಲ್ವಾ. ಎದುರಿನವನ ಬೆರಳು ಜಾರಿದ್ದು ಗೊತ್ತಿದ್ದೂ ಕೈ ಚಾಚುವವನಿಗೆ ಕೋರ್ಟಿನ ಕನಿಕರ ಇಲ್ಲ.

ಆದರೆ ಬೆರಳು ಜಾರುವುದು ಬೇರೆ, ಅಂದಾಜು ತಪ್ಪುವುದು ಬೇರೆ. ನಮ್ಮಲ್ಲಿ ಖೇಣಿ ಹಿಡಿಯುವವನು, ಅಂದರೆ ಫಸಲು ಮರದಲ್ಲಿರುವಾಗಲೇ ಗುತ್ತಿಗೆ ಹಿಡಿಯುವವನು, ತೋಟ ಸುತ್ತಿ, ಗೊನೆ ನೋಡಿ, ಇಷ್ಟು ಕ್ವಿಂಟಲ್ ಆಗುತ್ತೆ ಅಂತ ಲೆಕ್ಕ ಹಾಕುತ್ತಾನೆ. ಕೊಳೆ ರೋಗ ಬಂದು ಅರ್ಧ ಉದುರಿತು ಅಂದರೆ ಅವನ ಹಣೆಬರಹ. 2015ರಲ್ಲಿ ಇಂಗ್ಲಿಷ್ ಫುಟ್‌ಬಾಲ್ ಲೀಗ್ ಶುರುವಾಗುವಾಗ ಲೆಸ್ಟರ್ ಸಿಟಿ ಗೆಲ್ಲುತ್ತದೆ ಅನ್ನುವುದಕ್ಕೆ ಒಂದಕ್ಕೆ 5,000 ರೇಟ್ ಕೊಟ್ಟಿದ್ದರು. 2016ರಲ್ಲಿ ಲೆಸ್ಟರ್ ಗೆದ್ದೇಬಿಟ್ಟಿತು. ಕಂಪನಿಗಳು ದುಡ್ಡು ಕೊಟ್ಟವು. ಅದು ಟೈಪ್ ಮಾಡುವಾಗಿನ ತಪ್ಪಲ್ಲ, ಹಾಗೇ ಯೋಚಿಸಿ ಬರೆದ ರೇಟ್.

ತಕರಾರು ಇರುವುದು ಇವೆರಡರ ನಡುವೆ. 2018ರ ಸೆಪ್ಟೆಂಬರಿನಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ, ಡೆನ್ವರ್ ಮತ್ತು ಓಕ್ಲೆಂಡ್ ನಡುವಿನ ಅವರ ಫುಟ್‌ಬಾಲ್ ಮ್ಯಾಚ್ ಇನ್ನೇನು ಮುಗಿಯುವ ಹೊತ್ತಿಗೆ, ಫ್ಯಾನ್‌ಡ್ಯುಯೆಲ್ ಕಂಪನಿಯ ಕಂಪ್ಯೂಟರ್ ಡೆನ್ವರ್ ಮೇಲೆ ಒಂದಕ್ಕೆ 750 ತೋರಿಸಿತು. ನಿಜವಾಗಿ ಇರಬೇಕಾಗಿದ್ದದ್ದು ಆರು ಕಟ್ಟಿದರೆ ಒಂದು ಲಾಭ. ಒಬ್ಬ 110 ಡಾಲರ್ ಕಟ್ಟಿದ, ಚೀಟಿಯಲ್ಲಿ 82,610 ಅಂತ ಅಚ್ಚಾಗಿ ಬಂತು. ಡೆನ್ವರ್ ಗೆದ್ದಿತು. ಮೊದಲು ಕೊಡಲ್ಲ ಅಂದ ಕಂಪನಿ, ದೊಡ್ಡ ಸುದ್ದಿಯಾಗಿ ಸರ್ಕಾರದವರೂ ಕೇಳಲು ಶುರು ಮಾಡಿದ ಮೇಲೆ, ಕೆಲವೇ ದಿನದಲ್ಲಿ ಪೂರ್ತಿ ಕೊಟ್ಟಿತು. ನನ್ನ ಕೇಳಿದರೆ ಇದು 71,100ರ ಚೀಟಿಯೇ. ಮಂಡಿಯಲ್ಲಿ ಆಗಿದ್ದರೆ ನಕ್ಕು ಹರಿಯುತ್ತಿದ್ದರು. ಆದರೂ ಕೊಟ್ಟಿದ್ದು ಓದಿ ನನಗೆ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಆ ಖುಷಿಗೆ ಕಾರಣ ಇದೆ.

ಇದೇ ತಪ್ಪನ್ನು ಆಡುವವನು ಮಾಡಿದರೆ ಏನಾಗುತ್ತದೆ? 10 ಅಂತ ಒತ್ತಲು ಹೋಗಿ 100 ಒತ್ತಿದ ಅಂದುಕೊಳ್ಳಿ, ಅಥವಾ ಬೇರೆ ಆಟಗಾರನ ಹೆಸರು ಒತ್ತಿದ. ಎದ್ದು ಕಾಣುವ ತಪ್ಪು ಸ್ವಾಮಿ, ವಾಪಸ್ ಕೊಡಿ ಅಂದರೆ, ಖಚಿತಪಡಿಸಿಕೊಂಡೇ ಒತ್ತಬೇಕಿತ್ತು ಅನ್ನುವ ಸಾಲೂ ಅದೇ ನಿಯಮಪಟ್ಟಿಯಲ್ಲಿ ಇರುತ್ತದೆ. ನಮ್ಮ ಹುಡುಗನ ಮ್ಯಾಚನ್ನೇ ತಗೊಳ್ಳಿ. ಅದಲುಬದಲಾದ ರೇಟಿಗೆ ಇನ್ನೊಂದು ತುದಿಯೂ ಇತ್ತಲ್ಲ. ಯಾರೋ ಒಬ್ಬ ಆ ಹೊಸ ಹುಡುಗನ ಮೇಲೆ 1.10ಕ್ಕೆ ಕಟ್ಟಿ, ಹುಡುಗ ಗೆದ್ದಿದ್ದರೆ, ಕಂಪನಿಯೇ ಅವನನ್ನು ಹುಡುಕಿಕೊಂಡು ಹೋಗಿ "ನಿಮಗೆ 7.00 ಸಿಗಬೇಕಿತ್ತು" ಅಂತ ಕೊಡುತ್ತಿತ್ತಾ? ಸರಿಯಾದ ರೇಟಿಗೆ ಲೆಕ್ಕ ಮುಗಿಸುತ್ತೇವೆ ಅನ್ನುವ ನಿಯಮ ಎರಡೂ ಕಡೆ ತಿರುಗಬೇಕು. ನನಗೆ ಅನುಮಾನ ಇರುವುದು ಅಲ್ಲಿ. ಮತ್ತೆ, ಯಾವುದು ಎದ್ದು ಕಾಣುವ ತಪ್ಪು ಅಂತ ಹೇಳುವವರೂ ಅವರೇ, ಹೇಳುವುದು ಫಲಿತಾಂಶ ನೋಡಿದ ಮೇಲೆ.

ಕಂಪನಿ ಬರೆದಿದ್ದೇ ಕೊನೆ ಮಾತೇನಲ್ಲ. 2018ರ ಜನವರಿಯಲ್ಲಿ ಇಂಗ್ಲೆಂಡಿನ ಬೆಟ್‌ಫ್ರೆಡ್ ಅನ್ನುವ ಬೆಟ್ಟಿಂಗ್ ಕಂಪನಿಯ ಆಪ್‌ನ ಇಸ್ಪೀಟು ಆಟದಲ್ಲಿ ಒಬ್ಬನಿಗೆ 17 ಲಕ್ಷ ಪೌಂಡ್ ಬಂತು. ಸಾಫ್ಟ್‌ವೇರ್ ಕೆಟ್ಟಿತ್ತು, ಕೊಡಲ್ಲ ಅಂದರು. ಇದು ರೇಟಿನ ತಪ್ಪಲ್ಲ, ಆಟದ ತಪ್ಪು, ಆದರೆ ವಾದ ಒಂದೇ. 2021ರಲ್ಲಿ ಲಂಡನ್ ಹೈಕೋರ್ಟ್, ಉದ್ದುದ್ದ ನಿಯಮಪಟ್ಟಿಯಲ್ಲಿ ಅರ್ಥವಾಗದ ಹಾಗೆ ಹುದುಗಿಸಿದ ಸಾಲುಗಳನ್ನು ತೋರಿಸಿ ದುಡ್ಡು ತಡೆಯುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಇಂಥ ದುಡ್ಡಿಗೆ ಕೋರ್ಟಿಗೆ ಹೋಗುವ ಹಕ್ಕು ಅಲ್ಲಿ ಬಂದಿದ್ದೇ 2007ರಲ್ಲಿ. ಅದಕ್ಕೂ ಮುಂಚೆ, 1845ರ ಕಾಯ್ದೆಯ ಕಾಲದಿಂದ, ಬಾಜಿ ಅಂದರೆ ಬರೀ ಬಾಯಿಮಾತು.

ನಮ್ಮಲ್ಲಿ ಇವತ್ತಿಗೂ ಅಷ್ಟೆ. 1872ರ ಕರಾರು ಕಾಯ್ದೆಯ 22ನೇ ಸೆಕ್ಷನ್, ಒಬ್ಬನ ಕಡೆಯಿಂದ ಮಾತ್ರ ತಪ್ಪಾದರೆ ಅಷ್ಟಕ್ಕೇ ಕರಾರು ಮುರಿಯಲಾಗದು ಅನ್ನುತ್ತದೆ. ಓದಿ ನಾನು ಹಿಗ್ಗಿದೆ. ಆದರೆ 30ನೇ ಸೆಕ್ಷನ್ ಬಾಜಿಯ ಕರಾರನ್ನೇ ಅಸಿಂಧು ಅನ್ನುತ್ತದೆ. 2025ರ ಆಗಸ್ಟಿನ ಕಾಯ್ದೆ ಬಂದ ಮೇಲಂತೂ ದುಡ್ಡು ಕಟ್ಟುವ ಆನ್‌ಲೈನ್ ಆಟಗಳಿಗೇ ನಿಷೇಧ. ಐಪಿಎಲ್ ಹೊತ್ತಿಗೆ ಕದ್ದು ಫೋನಲ್ಲಿ ಆಡುವವನಿಗೆ ಬುಕ್ಕಿ "ರೇಟ್ ತಪ್ಪು ಹೇಳಿದ್ದೆ ಕಣೋ" ಅಂದರೆ, ಹೌದಾ ಅಂತ ಫೋನ್ ಇಡಬೇಕು ಅಷ್ಟೆ.

ತಮ್ಮನಿಗೆ ಅಷ್ಟಾದರೂ ದಾರಿ ಇದೆ. ಮೊದಲು ಕಂಪನಿಗೆ ಬರೆಯಬೇಕು, ಒಪ್ಪದಿದ್ದರೆ ಇಂಥ ಜಗಳ ಬಿಡಿಸಲು ಐಬಿಎಎಸ್ ಅಂತ ಒಂದು ಸಂಸ್ಥೆ ಇದೆ, ಆಡುವವನಿಗೆ ಅದಕ್ಕೆ ಖರ್ಚಿಲ್ಲ. ನೀನು ಬರೆ, ಆದರೆ 140 ಕೇಳಬೇಡ, ಮ್ಯಾಚಿಗೆ ಮುಂಚೆ ಯಾಕೆ ಹೇಳಲಿಲ್ಲ ಅಂತ ಕೇಳು ಅಂದೆ.

ಬರೆದ. ನಾಲ್ಕು ದಿನಕ್ಕೆ ಉತ್ತರ ಬಂತು. ಅದೇ ನಿಯಮದ ಅದೇ ಸಾಲು, ಕೊನೆಗೆ ಬೇಸರಕ್ಕೆ ಕ್ಷಮಿಸಿ ಅಂತ ಐದು ಪೌಂಡಿನ ಒಂದು ಫ್ರೀ ಬೆಟ್. ಮುಂದಿನ ದೂರು ಯಾವಾಗ ಹಾಕ್ತೀಯ ಅಂತ ನಿನ್ನೆ ಕೇಳಿದರೆ, ಹಾಕ್ತೀನಿ ಮಾರಾಯ, ಈ ವಾರ ಪುರುಸೊತ್ತಿಲ್ಲ ಅಂದ. ಆ ಐದು ಪೌಂಡನ್ನು ಇನ್ನೊಂದು ಟೆನಿಸ್ ಮ್ಯಾಚಿಗೆ ಹಾಕಿ ಕಳೆದನಂತೆ.